ಒಳಗಾಲಿನ ಅಳತೆ

ತಮ್ಮನಿಗೆ ಸೈಕಲ್ ತಂದ ಕಥೆಯನ್ನು ನಮ್ಮ ಮನೆಯಲ್ಲಿ ಹಂಡೆ ಒಲೆಯ ಮುಂದೆ ಕೂತು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಅವನು ಹೇಳಿದರೆ ಒಂದು ಥರ, ನಾನು ಹೇಳಿದರೆ ಇನ್ನೊಂದು ಥರ. ಅವನ ಕಥೆಯಲ್ಲಿ ಸೈಕಲ್ ಅಂಗಡಿಯ ಸಾಬರು ಅವನಿಗೆ ಅನ್ಯಾಯ ಮಾಡಿದವರು. ಈಗ ಹೇಳುತ್ತಿರುವುದು ನನ್ನ ಕಥೆ.

1983ರ ಜೂನ್. ನಮ್ಮೂರು ಬಾಣಾವರದ ಕಡೆಗೆ, ರಸ್ತೆಯಿಂದ ತುಸು ಒಳಗೆ. ಅಪ್ಪನ ಟೈಲರ್ ಅಂಗಡಿ ಅರಸೀಕೆರೆ ಪೇಟೆಯಲ್ಲಿ. ಒಂದು ಮಿಷನ್ನು, ಒಂದು ಬೆಂಚು, ಬಟ್ಟೆ ಕತ್ತರಿಸುವ ಒಂದು ಮೇಜು. ಜೂನ್ ಅಂದರೆ ಯೂನಿಫಾರಂ ಕಾಲ. ರಾತ್ರಿ ಹತ್ತಾದರೂ ಮಿಷನ್ನು ನಿಲ್ಲುತ್ತಿರಲಿಲ್ಲ. ಪಿಯುಸಿ ಓದುತ್ತಿದ್ದ ನಾನು ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಬಂದು ಕಾಜಾ ಹಾಕಿ, ಗುಂಡಿ ಹಚ್ಚುತ್ತಿದ್ದೆ. ತಾಯಂದಿರು ಮಕ್ಕಳನ್ನು ಮುಂದೆ ನಿಲ್ಲಿಸಿ ಹೇಳುತ್ತಿದ್ದುದು ಒಂದೇ ಮಾತು: "ಬೆಳೆಯೋ ಮಗು, ಸ್ವಲ್ಪ ಬಟ್ಟೆ ಒಳಗೆ ಬಿಡಿ." ಅಪ್ಪ ಕೆಳಗೆ ಎರಡು ಇಂಚು ಮಡಿಚಿ ಹೊಲಿಯುತ್ತಿದ್ದ. ಮರುವರ್ಷ ಅದೇ ಮಗು ಅದೇ ಪ್ಯಾಂಟು ತಂದರೆ ಆ ಮಡಿಕೆ ಬಿಚ್ಚುವುದು ನನ್ನ ಕೆಲಸ. ಬಿಚ್ಚಿದ ಜಾಗದಲ್ಲಿ ಮಾಸದೆ ಉಳಿದ ಕಡುನೀಲಿ ಪಟ್ಟಿ ಕಾಣುತ್ತಿತ್ತು. ಊರಿನ ಅರ್ಧ ಮಕ್ಕಳ ಕಾಲಲ್ಲಿ ಆ ಪಟ್ಟಿ ಇರುತ್ತಿದ್ದರಿಂದ ಯಾರೂ ನಾಚುತ್ತಿರಲಿಲ್ಲ.

ಆ ವರ್ಷ ತಮ್ಮ ಏಳನೇ ಕ್ಲಾಸು ಪಾಸಾಗಿ ಪೇಟೆಯ ಹೈಸ್ಕೂಲಿಗೆ ಸೇರಿದ. ನಾಲ್ಕು ಮೈಲಿ ದಾರಿ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡಿಗೆ. ಅಪ್ಪನ 24ರ ಹರ್ಕ್ಯುಲಿಸ್ ಅಪ್ಪನ ಜೊತೆ ರಾತ್ರಿ ಬರುತ್ತಿತ್ತು. ಹಾಗಾಗಿ ಅವನಿಗೇ ಒಂದು ಸೈಕಲ್ ಕೊಡಿಸುವುದೆಂದು ತೀರ್ಮಾನವಾಯಿತು. ನನಗೇಕೆ ಇಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ಅದು ಕೇಳುವ ಮಾತೇ ಆಗಿರಲಿಲ್ಲ.

ತಮ್ಮ ಗಿಡ್ಡ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲಿಗ. ಆದರೆ ಸೈಕಲ್ ಬರುತ್ತಿತ್ತು. ಬಾಡಿಗೆ ಸೈಕಲ್ ತಗೊಂಡು ಒಳಪೆಡ್ಲು ಹೊಡೆದು ಕಲಿತಿದ್ದ. ಈಗಿನ ಮಕ್ಕಳಿಗೆ ಒಳಪೆಡ್ಲು ಗೊತ್ತಿಲ್ಲ. ಬಾರಿನ ಮೇಲಿಂದ ಕಾಲು ಹಾಕುವಷ್ಟು ಎತ್ತರವಿಲ್ಲದವನು ಬಾರಿನ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಲ್ಲಿ ಸೀಟು ತಬ್ಬಿಕೊಂಡು, ಸೊಂಟ ಸೊಟ್ಟ ಮಾಡಿಕೊಂಡು ತುಳಿಯಬೇಕು. ನೋಡುವವರಿಗೆ ತಮಾಷೆ. ಬ್ರೇಕ್ ಹಿಡಿಯಲು ಒಂದೇ ಕೈ, ನಿಲ್ಲಿಸಲು ದೇವರೇ ಗತಿ.

ಒಂದು ಭಾನುವಾರ ಮೂವರೂ ಸಾಬರ ಅಂಗಡಿಗೆ ಹೋದೆವು. ಹೊಸ ಸೈಕಲ್ ಜೋಡಿಸುವುದು, ಬಾಡಿಗೆಗೆ ಬಿಡುವುದು, ಪಂಚರ್ ಹಾಕುವುದು ಎಲ್ಲ ಅಲ್ಲೇ. ಅಪ್ಪ ಮೊದಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದ. ಹೊಸ ಅಟ್ಲಾಸ್, 24ರ ಫ್ರೇಮು. ತಮ್ಮನಿಗೂ ಅದೇ ಬೇಕಿತ್ತು. ಈ ಒಂದು ವಿಷಯದಲ್ಲಿ ಅಪ್ಪ ಮಗ ಒಂದಾಗಿದ್ದರು.

ಸಾಬರು ತಮ್ಮನನ್ನು ನೋಡಿದರು, ಸೈಕಲ್ ನೋಡಿದರು. "ಯಾರಿಗೆ ಟೈಲರಣ್ಣ, ನಿಮಗಾ?"

"ಇವನಿಗೇ. ಬೆಳೆಯೋ ಹುಡುಗ. ಕೆಲಸಕ್ಕೆ ಸೇರೋವರೆಗೂ ಬರಬೇಕು."

"ಬರುತ್ತೆ, ಸೈಕಲ್ಲು ಬರುತ್ತೆ. ಹುಡುಗ ಬರಬೇಕಲ್ಲ?"

ಅಪ್ಪನಿಗೆ ಸಿಟ್ಟು ಬಂತು. ದುಡ್ಡು ಕೊಟ್ಟು ಕೊಳ್ಳಲು ಬಂದವನಿಗೆ ಮಾರುವುದಿಲ್ಲ ಎನ್ನುವ ಅಂಗಡಿಯವನನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಾಬರು ವಾದಕ್ಕೆ ಇಳಿಯಲಿಲ್ಲ. ಅಪ್ಪನ ಕೊರಳಿಗೇ ಕೈ ತೋರಿಸಿದರು. ಭಾನುವಾರವೂ ಅಪ್ಪ ಟೇಪನ್ನು ಕೊರಳಿಂದ ತೆಗೆಯುತ್ತಿರಲಿಲ್ಲ. "ಪ್ಯಾಂಟಿಗೆ ಒಳಗಾಲು ಅಳೀತೀರಲ್ಲ, ಅಳೀರಿ. ಆಮೇಲೆ ನೆಲದಿಂದ ಈ ಬಾರು ಅಳೀರಿ."

ಅಪ್ಪ ಮಾತಿಗೆ ಒಪ್ಪುವ ಮನುಷ್ಯನಲ್ಲ, ಟೇಪಿಗೆ ಒಪ್ಪುತ್ತಿದ್ದ. ತಮ್ಮನ ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿದ. ಸಾಬರು ತಮ್ಮ ಲೆಕ್ಕದ ಪುಸ್ತಕವನ್ನು ಅವನ ತೊಡೆಸಂದಿಗೆ ಒತ್ತಿಟ್ಟು, ಅದರ ಮೇಲಂಚಿನಿಂದ ನೆಲದವರೆಗೆ ಹಿಡಿಯಲು ಹೇಳಿದರು. 27 ಇಂಚು. ಅಟ್ಲಾಸಿನ ಬಾರು ನೆಲದಿಂದ 34. ಅಪ್ಪ ಇನ್ನೊಂದು ಸಲ ಅಳೆದ. ಪಕ್ಕದಲ್ಲಿದ್ದ 22ರ ಫ್ರೇಮನ್ನೂ ಅಳೆದ. ಅದು 32ರ ಮೇಲೆ. ಬಾರಿನ ಮೇಲೆ ಎರಡೂ ಕಡೆ ಕಾಲಿಟ್ಟು ನಿಂತರೆ ಮಧ್ಯೆ ಒಂದೆರಡು ಇಂಚು ಖಾಲಿ ಉಳಿಯಬೇಕು, ಇದು ಸಾಬರ ಕಾನೂನು. ಇಲ್ಲಿ ಉಳಿಯುವುದಿರಲಿ, ಏಳು ಇಂಚು ಸಾಲ.

ಆಗ ಸಾಬರು ಹೇಳಿದ್ದನ್ನು ಅಪ್ಪ ಸಾಯುವವರೆಗೂ ಗಿರಾಕಿಗಳಿಗೆ ಹೇಳುತ್ತಿದ್ದ. "ಟೈಲರಣ್ಣ, ಸೈಕಲ್ಲಿಗೂ ನಿಮ್ಮ ಥರಾನೇ ಒಂದಿಷ್ಟು ಬಟ್ಟೆ ಒಳಗೆ ಬಿಟ್ಟಿರ್ತಾರೆ. ಈ ಸೀಟಿನ ಪೈಪು ನೋಡಿ, ನಾಲ್ಕು ಇಂಚು ಎತ್ತಬಹುದು. ಹ್ಯಾಂಡಲ್ಲು ಒಂದೆರಡು ಇಂಚು. ಮಗು ಬೆಳೆದಂಗೆ ಬಿಚ್ಚಿಕೊಳ್ಳಿ. ಆದರೆ ಬಾರು ಇಳಿಸೋಕೆ ಯಾವ ಟೈಲರಿಗೂ ಆಗಲ್ಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ಕಸುಬಿಗೂ ಗೊತ್ತಿದ್ದ ಸಂಗತಿ ಅದು. ಹನ್ನೆರಡು-ಹದಿಮೂರರ ಹುಡುಗರ ಷರ್ಟು ಇನ್ನೂ ಸರಿಯಿರುವಾಗಲೇ ಪ್ಯಾಂಟು ಗಿಡ್ಡವಾಗಿರುತ್ತದೆ. ಆ ವಯಸ್ಸಿನಲ್ಲಿ ಮೊದಲು ಉದ್ದವಾಗುವುದು ಕಾಲು, ಮೈ ಆಮೇಲೆ. ಕಾಲು ಬೆಳೆದರೆ ಸೀಟು ಎತ್ತಿದರಾಯಿತು.

ಸಾಬರು ಒಳಗಿಂದ ತಳ್ಳಿಕೊಂಡು ಬಂದದ್ದು ಒಂದು ಹಳೇ ಲೇಡೀಸ್ ಸೈಕಲ್. ಚಿಕ್ಕ ಫ್ರೇಮು, 26ರ ಚಕ್ರ, ಬಾರಿನ ಜಾಗದಲ್ಲಿ ಕೆಳಗೆ ಬಾಗಿದ ಎರಡು ಕೊಳವೆ. ಹಸಿರು ಬಣ್ಣ ಹೊಸದಾಗಿ ಬಳಿದಿದ್ದರು. ತಮ್ಮನ ಮುಖ ಹೇಗಾಯಿತೆಂದು ನಾನು ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ.

"ಹುಡುಗೀರ ಸೈಕಲ್ಲು ನನಗೆ ಬೇಡ."

"ಪಂಚೆ ಉಟ್ಟವರೆಲ್ಲ ಓಡಿಸೋದು ಇದನ್ನೇ ಕಣಪ್ಪ. ಅವರೆಲ್ಲ ಹುಡುಗೀರಾ?" ಎಂದರು ಸಾಬರು.

ಸೀಟನ್ನು ಪೂರ್ತಿ ಕೆಳಗಿಳಿಸಿ ಅವನನ್ನು ಹತ್ತಿಸಿದರು. ಕೆಳಗಿದ್ದ ಪೆಡಲ್ ಕಾಲ್ಬೆರಳ ಬುಡಕ್ಕೆ ಸಿಕ್ಕಿತು. ಸೀಟಿನಿಂದ ಮುಂದಕ್ಕೆ ಜಾರಿದರೆ ಎರಡೂ ಪಾದ ನೆಲಕ್ಕೆ. ಆಮೇಲೆ ಬ್ರೇಕ್ ಹಿಡಿಸಿದರು. ಆಗಿನ ಸೈಕಲ್ಲುಗಳಿಗೆ ಕೇಬಲ್ ಅಲ್ಲ, ಕಬ್ಬಿಣದ ಸರಳಿನ ಬ್ರೇಕ್. ಸಣ್ಣ ಕೈಗೆ ಎಳೆಯಲು ಕಷ್ಟ. ಬೆರಳು ಸಲೀಸಾಗಿ ತಲುಪುವವರೆಗೆ ಸರಳನ್ನು ತಿದ್ದಿ ತಿದ್ದಿ ಹಿಡಿಸಿ ನೋಡಿದರು. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಸೀಟು ಎತ್ತುವ ಲೆಕ್ಕವನ್ನು ನನಗೂ ಹೇಳಿಕೊಟ್ಟರು. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು, ತುಳಿಯುವಾಗ ಮುಂಗಾಲಲ್ಲಿ ತುಳಿದರೆ ಮೊಣಕಾಲಿಗೆ ಬೇಕಾದಷ್ಟು ಬಾಗು ತಾನೇ ಬರುತ್ತದೆ. ನೋಡುವವರಿಲ್ಲದಿದ್ದರೆ ಸೀಟನ್ನು ಕಂಕುಳಿಗೆ ಒತ್ತಿ ಕೈ ಚಾಚಿ, ಬೆರಳ ತುದಿ ಪೆಡಲ್ಲಿನ ನಡು ಅಚ್ಚಿಗೆ ಮುಟ್ಟಿದರೆ ಹೆಚ್ಚುಕಡಿಮೆ ಸರಿ.

ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಸೀಟು ಇನ್ನು ಏರುವುದಿಲ್ಲ ಅನ್ನುವ ದಿನ ತಂದರೆ ಸ್ವಲ್ಪ ಮುರಿದುಕೊಂಡು ವಾಪಸು ತಗೋತೀನಿ ಎಂದರು. ಅಪ್ಪ ಅಲ್ಲಿಗೆ ಸೋತ.

ತಮ್ಮ ಕೆಲವು ವಾರ ಸೈಕಲ್ಲನ್ನು ಸ್ಕೂಲಿನ ಹಿಂದಿನ ಹುಣಸೆಮರದ ಹತ್ತಿರ ಬಿಟ್ಟು ಉಳಿದದ್ದು ನಡೆದು ಹೋಗುತ್ತಿದ್ದ. ಅವನನ್ನು ಸರಿ ಮಾಡಿದ್ದು ರೈಲ್ವೆ ಗೇಟು. ದಾರಿಯಲ್ಲಿ ಹಳಿ ದಾಟಬೇಕಿತ್ತು. ಅರಸೀಕೆರೆ ಜಂಕ್ಷನ್ನು. ಗೂಡ್ಸು, ಪ್ಯಾಸೆಂಜರು, ಎಂಜಿನ್ನಿನ ಓಡಾಟ, ಏನಾದರೊಂದಕ್ಕೆ ಗೇಟು ಹಾಕಿರುತ್ತಿತ್ತು. ದೊಡ್ಡ ಸೈಕಲ್ಲಿನ ಹುಡುಗರು ಅಲ್ಲಿ ನಿಂತರೆ ಮತ್ತೆ ಹತ್ತಲು ಕಲ್ಲೋ ಕಟ್ಟೆಯೋ ಬೇಕು. ಗೇಟಿನ ಹತ್ತಿರ ಇದ್ದದ್ದು ಒಂದೇ ಮೈಲಿಗಲ್ಲು, ಅದಕ್ಕೆ ಸರದಿ. ನಮ್ಮವನು ಎರಡೂ ಕಾಲೂರಿ ನಿಂತಿದ್ದು, ಗೇಟು ಎತ್ತಿದ ಕೂಡಲೇ ಎಲ್ಲರಿಗಿಂತ ಮುಂದೆ. ಬೆಲ್ಲು ಹೊಡೆದುಕೊಂಡು ಹೋಗುತ್ತಿದ್ದನಂತೆ. ಹುಣಸೆಮರದ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅವನ ಸೀಟು ಎತ್ತುವ ಕೆಲಸ ನನ್ನದಾಯಿತು, ಪ್ಯಾಂಟಿನ ಮಡಿಕೆ ಬಿಚ್ಚುವುದೂ ನಾನೇ ಅಲ್ಲವೇ. ಎತ್ತಿದ ಮೇಲೆ ಸರಿಯಾಗಿದೆಯಾ ನೋಡಬೇಕಲ್ಲ ಎಂಬ ನೆವದಲ್ಲಿ ಒಂದು ಸುತ್ತು ಹೊಡೆಯುತ್ತಿದ್ದೆ. ಒಂದು ಸುತ್ತು ಕೆರೆ ಏರಿಯವರೆಗಾಯಿತು, ಆಮೇಲೆ ಟಾರು ರಸ್ತೆಯವರೆಗೆ. ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ತಮ್ಮ ನನಗಿಂತ ಎತ್ತರವಾದ. ಅಪ್ಪನ ಹರ್ಕ್ಯುಲಿಸ್ ಅವನಿಗೆ ಸಲ್ಲಿತು. ಹಸಿರು ಸೈಕಲ್ಲನ್ನು ಸಾಬರಿಗೆ ಕೊಟ್ಟು ಬಾ ಎಂದು ಅಪ್ಪ ಹೇಳಿದಾಗ ನಾನು ಕೊಡಲಿಲ್ಲ. ನನ್ನ ಕಾಲಿಗೂ ಅಳತೆ ಇದೆ ಎಂದೆ. ಡಿಗ್ರಿ ಮುಗಿಯುವವರೆಗೆ ನಾನು ಕಾಲೇಜಿಗೆ ಹೋದದ್ದು ಅದರಲ್ಲೇ. ಮೊದಮೊದಲು ಊರು ತಿರುಗಿ ನೋಡಿತು, ಆಮೇಲೆ ಊರಿಗೂ ಬೇರೆ ಕೆಲಸವಿತ್ತು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ನಾನು ಹೈಸ್ಕೂಲಿನಲ್ಲಿ ಟೀಚರ್. ಹಳ್ಳಿ ರಸ್ತೆಗಳ ಮೇಲೆ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿಯುವುದನ್ನು ನೋಡಲು ಅಪ್ಪ ಇರಬೇಕಿತ್ತು. ನಾನು ಮೇಜಿನ ಡ್ರಾಯರಿನಲ್ಲಿ ಒಂದು ಸ್ಪ್ಯಾನರ್ ಇಟ್ಟುಕೊಂಡೆ. ಮಕ್ಕಳು ಸೈಕಲ್ ಮನೆಗೆ ಒಯ್ಯುವ ಮುಂಚೆ ಒಬ್ಬೊಬ್ಬರನ್ನೇ ಕೂರಿಸಿ ಸೀಟು ಇಳಿಸುವುದೋ ಏರಿಸುವುದೋ ಮಾಡಿ ಕಳಿಸುತ್ತಿದ್ದೆ. ಒಂದೇ ತರಗತಿಯಲ್ಲಿ ನನ್ನಷ್ಟೇ ಎತ್ತರದವರೂ ಇರುತ್ತಾರೆ, ಭುಜ ಮುಟ್ಟುವವರೂ ಇರುತ್ತಾರೆ.

2020ರ ಜೂನ್ 3ರಂದು ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ಅಂದು ವಿಶ್ವ ಸೈಕಲ್ ದಿನ ಬೇರೆ. ಸುದ್ದಿ ಓದಿ ತಮ್ಮ ಫೋನು ಮಾಡಿದ. "ಅಕ್ಕಾ, ನನಗೆ ಕೊಡಿಸದೇ ಇದ್ದಿದ್ದಕ್ಕೆ ನಿಂತೋಯ್ತು ನೋಡು." ಇಷ್ಟು ವರ್ಷವಾದರೂ ಅವನ ಸಿಟ್ಟು ಇಳಿದಿಲ್ಲ ಎಂದುಕೊಂಡೆ.

ಮೊನ್ನೆ ಅದೇ ತಮ್ಮ ಐದು ವರ್ಷದ ಮೊಮ್ಮಗಳಿಗೆ ಸೈಕಲ್ ಕೊಡಿಸಲು ಬೆಂಗಳೂರಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಹೋದವನು ಸೀದಾ 20ರ ಮುಂದೆ ನಿಂತ. "ಬೆಳೆಯೋ ಮಗು ಕಣಕ್ಕ." ನಾನು ಅವನ ಮುಖವನ್ನೇ ನೋಡಿದೆ. ಅಂಗಡಿಯ ಹುಡುಗ ನಗುವುದಕ್ಕೆ ಶುರು ಮಾಡಿದ, ಯಾಕೆಂದು ಗೊತ್ತಾಗದೆಯೇ.

ಈಗಿನ ಅಂಗಡಿಗಳಲ್ಲಿ 12, 14, 16, 20, 24 ಎಂದು ಬರೆದಿರುವುದು ಚಕ್ರದ ಅಳತೆ, ಮಗುವಿನದಲ್ಲ. ಸಾಬರ ಕಾಲದಲ್ಲಿ 22, 24 ಎಂದರೆ ಫ್ರೇಮು. ಇದು ಗೊತ್ತಿಲ್ಲದೆ ಅಜ್ಜಂದಿರು ಗೊಂದಲ ಮಾಡಿಕೊಳ್ಳುತ್ತಾರೆ. ಒಂದೇ 16ರ ಚಕ್ರದ ಎರಡು ಸೈಕಲ್ಲುಗಳಲ್ಲಿ ಸೀಟು ಇಳಿಯುವ ಮಟ್ಟ ಬೇರೆ ಬೇರೆ ಇತ್ತು. ಒಂದಕ್ಕೆ ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್, ದಪ್ಪ ಟೈರು, ನೋಡಲು ಮೋಟಾರ್ ಸೈಕಲ್ಲಿನ ಠೀವಿ. ಎತ್ತಿ ನೋಡಿದೆ. ಹತ್ತು ಕಿಲೋಗೆ ಕಡಿಮೆಯಿಲ್ಲ. ಹದಿನೇಳು ಕಿಲೋ ತೂಗುವ ಮಗು ಅದನ್ನು ತುಳಿಯಬೇಕು, ಬಿದ್ದರೆ ಎತ್ತಬೇಕು. ಆ ಶಾಕ್ ಅಬ್ಸಾರ್ಬರ್ ಕುಗ್ಗುವಷ್ಟು ಭಾರವೂ ಮಗುವಿಗಿಲ್ಲ. ಹಗುರವಾದ, ಸಾದಾ 16ನ್ನು ತಗೊಂಡೆವು. ಮಗು ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಊರುತ್ತಿತ್ತು, ಬ್ರೇಕಿಗೆ ಬೆರಳು ಸಿಗುತ್ತಿತ್ತು. ಸೀಟಿನ ಪೈಪಿನ ಮೇಲೆ ಇದಕ್ಕಿಂತ ಮೇಲೆ ಎತ್ತಬಾರದು ಎಂದು ಗೆರೆ ಕೆತ್ತಿರುತ್ತಾರೆ. ಅಲ್ಲಿಯವರೆಗೆ ಇನ್ನೂ ಎಷ್ಟು ಇಂಚು ಉಳಿದಿದೆ ಎಂದು ನೋಡಿದರೆ ಸೈಕಲ್ ಎಷ್ಟು ಕಾಲ ಬರುತ್ತದೆ ಅನ್ನುವುದು ಗೊತ್ತಾಗುತ್ತದೆ.

ಮನೆಗೆ ಬಂದು ಸೈಡ್ ಚಕ್ರ ಬಿಚ್ಚಿದೆ, ಪೆಡಲ್ಲುಗಳನ್ನೂ ಬಿಚ್ಚಿದೆ. ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ ಎನ್ನುವುದು ಸಾಬರಿಂದ ಕಲಿತದ್ದು. ಮಗುವಿನ ಅಪ್ಪ, ಇಂಜಿನಿಯರು, ಗಾಬರಿಯಾದರು. "ದೊಡ್ಡಮ್ಮ, ಪೆಡಲ್ ಇಲ್ಲದಿದ್ರೆ ಅದ್ಯಾವ ಸೈಕಲ್ಲು?" 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ, ನೆಲ ಒದ್ದುಕೊಂಡೇ ಹೋಗುತ್ತಿದ್ದರು ಎಂದೆ. ಮಗು ಒದ್ದಿತು, ಓಡಿತು, ಕಾಲೆತ್ತಿ ಜಾರಿತು. ಬ್ಯಾಲೆನ್ಸ್ ಬಂದ ಮೇಲೆ ಪೆಡಲ್ ಹಾಕಿಕೊಟ್ಟೆ. ಹಿಂದೆ ಯಾರೂ ಓಡಬೇಕಾಗಲಿಲ್ಲ. ತಮ್ಮ ಮಾತ್ರ ಓಡಿದ, ಅಭ್ಯಾಸಬಲ.

ಅವರ ಮನೆಯಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮಕ್ಕಳು ಬೆಳೆದು ಬಿಟ್ಟ ಸೈಕಲ್ಲುಗಳು ಧೂಳು ಹಿಡಿದು ಸಾಲಾಗಿ ನಿಂತಿವೆ, ಟೈರಿನ ಗಾಳಿ ಇಳಿದು. ನಿಮ್ಮಲ್ಲೂ ಇರುತ್ತವೆ. ಹೊಸದು ಕೊಳ್ಳುವ ಮುಂಚೆ ಅಲ್ಲೊಮ್ಮೆ ಹುಡುಕಿ. ನಿಮ್ಮದು ಅಲ್ಲಿದ್ದರೆ ಪಂಚರ್ ಹಾಕಿಸಿ ವಾಚ್‌ಮನ್ನರ ಮಕ್ಕಳಿಗೋ ಮನೆಗೆಲಸಕ್ಕೆ ಬರುವವರ ಮಕ್ಕಳಿಗೋ ಕೊಟ್ಟುಬಿಡಿ. ಕೊಡುವಾಗ ಆ ಮಗುವಿನ ಒಳಗಾಲನ್ನೂ ಒಮ್ಮೆ ಅಳೆದು ಕೊಡಿ. ಪುಕ್ಕಟೆ ಬಂದದ್ದಕ್ಕೂ ಅಳತೆ ಬೇಕು.