ಮಾರ್ಗದ ಅರ್ಥ

ಅಮೆರಿಕದ ಅರಿಜೋನಾ ಪ್ರಾಂತದ ಮರುನೆಲದಲ್ಲಿರುವ ಸೆಲಿಗ್ಮನ್ ಎಂಬ ಸಣ್ಣ ಊರನ್ನು ನಾವು ನೋಡಿಬಂದೆವು. 1926ರಲ್ಲಿ ಏರ್ಪಟ್ಟ 66ನೆಯ ಸಂಖ್ಯೆಯ ಹೆದ್ದಾರಿಯು ಊರ ನಡುವೆಯೇ ಹಾಯುತ್ತಿತ್ತು. ದಾರಿಹೋಕರ ಊಟ, ವಸತಿ, ಮೋಟಾರಿನ ಎಣ್ಣೆ, ಇವೇ ಜನರ ಜೀವನಾಧಾರ. 1978ರಲ್ಲಿ ಊರ ಹೊರಗೆ ಹೊಸ ಹೆದ್ದಾರಿ ತೆರೆದೊಡನೆ ವಾಹನಗಳ ಸಾಲು ಬತ್ತಿತು. 1985ರಲ್ಲಿ ಹಳೆಯದರ ಸಂಖ್ಯೆಯೂ ಸರ್ಕಾರದ ಪಟ್ಟಿಯಿಂದ ಅಳಿಯಿತು. ಆದರೆ ಏಂಜೆಲ್ ಡೆಲ್ಗಡಿಲ್ಲೊ ಎಂಬ ಕ್ಷೌರಿಕರು ಊರು ಬಿಡಲೊಲ್ಲದೆ, 1987ರಲ್ಲಿ ನೆರೆಹೊರೆಯವರನ್ನು ಕೂಡಿಸಿ ಸಂಘ ಕಟ್ಟಿದರು. ಅದೇ ವರ್ಷ ಪ್ರಾಂತ ಸರ್ಕಾರವು ಹಳೆಯ ದಾರಿಯನ್ನು ಐತಿಹಾಸಿಕ ಮಾರ್ಗವೆಂದು ಮನ್ನಿಸಿತು. ಅವರ ಅಂಗಡಿಯ ಗೋಡೆಗಳಲ್ಲಿ ನಾನಾ ದೇಶದ ಯಾತ್ರಿಕರು ಅಂಟಿಸಿಹೋದ ಹೆಸರಿನ ಚೀಟಿಗಳನ್ನು ಕಂಡೆವು. ಸಂಸ್ಕೃತದ ಮಾರ್ಗಶಬ್ದದ ಮೂಲಧಾತುವಿಗೆ ಹುಡುಕುವುದೆಂದು ಅರ್ಥ. ಪಯಣಿಗನು ದಾರಿಯನ್ನು ಹುಡುಕುವುದು ಲೋಕರೂಢಿ. ಇಲ್ಲಿ ದಾರಿಯವರೇ ಪಯಣಿಗನನ್ನು ಹುಡುಕಿ ಕರೆತಂದಿದ್ದಾರೆ.