ನಾಗಾವಿಯ ಬೋರು, ರೇಸಿನ ಬೋರು

ಗದಗಿನ ಮಗ್ಗುಲಲ್ಲೇ ನಾಗಾವಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವ ಊರು. ಈ ಸೀಮೆಯ ರೈತರಿಗೆ ‘ಬೋರು’ ಎಂದರೆ ಕೊಳವೆಬಾವಿ. ಆದರೆ ನೀರೆತ್ತುವ ಎಂಜಿನ್ನಿಗೂ ಒಂದು ಬೋರು ಉಂಟು: ಸಿಲಿಂಡರಿನ ಒಳವ್ಯಾಸ. ಅದರೊಳಗೆ ಪಿಸ್ಟನ್ ಮೇಲಿಂದ ಕೆಳಕ್ಕೆ ಸಾಗುವ ದೂರವೇ ಸ್ಟ್ರೋಕ್.

ಐದು ಅಶ್ವಶಕ್ತಿಯ ಕಿರ್ಲೋಸ್ಕರ್ ಎವಿ-1 ಡೀಸೆಲ್ ಎಂಜಿನ್ನಿನ ಬೋರು 80 ಮಿ.ಮೀ., ಸ್ಟ್ರೋಕ್ 110. 2014ರಲ್ಲಿ ಜಾರಿಯಾದ ಫಾರ್ಮುಲಾ-1 ನಿಯಮದ ಕಾರಿನ ಬೋರೂ 80 ಮಿ.ಮೀ.! ಸ್ಟ್ರೋಕ್ ಮಾತ್ರ ಸುಮಾರು 53. ಏಕೆ?

ಎವಿ-1 ನಿಮಿಷಕ್ಕೆ ತಿರುಗುವುದು 1500 ಸುತ್ತು; ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 5.5 ಮೀಟರ್. ಅದನ್ನೇ ರೇಸಿನ ಮಿತಿಯಾದ 15,000 ಸುತ್ತಿಗೆ ಓಡಿಸಿದರೆ 55 ಮೀಟರ್, ಎಂಜಿನ್ ಚೂರಾದೀತು. ಸ್ಟ್ರೋಕ್ 53ಕ್ಕೆ ಇಳಿಸಿದರೆ ವೇಗ 26.5ಕ್ಕೆ ಇಳಿಯುತ್ತದೆ. ಬೋರು ಅಗಲವಾದಷ್ಟೂ ದೊಡ್ಡ ವಾಲ್ವುಗಳಿಗೆ ಜಾಗ.

ಹಾಗೆಂದು ಹಳೆಯ ಕಾರಿನ ಬ್ಲಾಕನ್ನು ಕೊರೆಸುತ್ತಲೇ ಹೋದರೆ ಗೋಡೆ ತೆಳುವಾಗಿ, ಕಾದು, ಬಿರುಕು ಬಿಡುತ್ತದೆ. ಆದ್ದರಿಂದ ಮೊದಲು ಸುತ್ತು, ಆಮೇಲೆ ಸ್ಟ್ರೋಕ್, ಕೊನೆಗೆ ಗೋಡೆ ತಾಳುವಷ್ಟೇ ಬೋರು.

ಹೊಲದ ಎಂಜಿನ್ನಿಗೆ ಈ ಆತುರವಿಲ್ಲ. ಉದ್ದ ಸ್ಟ್ರೋಕಿನ ನಿಧಾನ ನಡಿಗೆಯಲ್ಲೇ ಅದರ ಬಾಳಿಕೆ. ಕೊಳವೆಬಾವಿಯಾಗಲಿ, ಸಿಲಿಂಡರಾಗಲಿ, ಕೊರೆಯುವ ಮುನ್ನ ಲೆಕ್ಕ ಹಾಕಬೇಕು. ಕೊರೆದದ್ದನ್ನು ಮತ್ತೆ ತುಂಬುವುದು ಸುಲಭವಲ್ಲ.