ದೇಶ ಸುತ್ತಿಯೇ ಕೋಶ ಓದುವವರು

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎನ್ನುವುದು ಹಿರಿಯರ ಮಾತು. ಎರಡರಲ್ಲಿ ಒಂದನ್ನಾದರೂ ಮಾಡು ಎಂದು ಅದರ ಅರ್ಥ. ಎರಡನ್ನೂ ಒಟ್ಟಿಗೇ ಮಾಡುವ ಏರ್ಪಾಟೊಂದು ಯೂರೋಪಿನ ಕಾಲೇಜು ವಿದ್ಯಾರ್ಥಿಗಳಿಗಾಗಿ 1987ರಲ್ಲಿ ಆರಂಭವಾಯಿತು. ಅದರ ಹೆಸರು ಎರಾಸ್ಮಸ್. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಅದರಡಿ ನೆರೆದೇಶಗಳಿಗೆ ಓದಲು ಹೋದರು. ಸ್ಪೇನಿನ ಹುಡುಗ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಕಲಿಯಬಹುದು. ಅಲ್ಲಿ ಅವನು ಬೋಧನಾ ಶುಲ್ಕ ಕೊಡಬೇಕಿಲ್ಲ. ಅಲ್ಲಿ ಪಾಸಾದ ವಿಷಯ ಅವನ ಊರಿನ ಪದವಿಗೆ ಜಮಾ ಆಗುತ್ತದೆ. ದೇಶ ಬದಲಾದರೂ ಲೆಕ್ಕ ತಪ್ಪದಿರಲೆಂದು ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್ ಎಂಬ ಒಂದೇ ಅಳತೆಗೋಲು ಬಂತು.

ಹೆಸರೂ ಅರ್ಥಪೂರ್ಣವಾದದ್ದೇ. ವಿದ್ವಾಂಸ ಎರಾಸ್ಮಸ್ ಹುಟ್ಟಿದ್ದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ. ಓದಿದ್ದು ಪ್ಯಾರಿಸ್ಸಿನಲ್ಲಿ, ಡಾಕ್ಟರೇಟ್ ಪಡೆದದ್ದು 1506ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ, ಪಾಠ ಹೇಳಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, 1536ರಲ್ಲಿ ಕಣ್ಣು ಮುಚ್ಚಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ.

ಓದಿನ ಜೊತೆಗೆ ತಿರುಗಾಟವೂ ಸುಲಭವಾಗಿದೆ. 21 ವರ್ಷದೊಳಗಿನವರು ಒಂದೇ ಟಿಕೆಟಿನಲ್ಲಿ ತಿಂಗಳಿಡೀ ಹಲವು ದೇಶಗಳ ರೈಲು ಹತ್ತಲು ಬಿಡುವ ‘ಇಂಟರ್‌ರೇಲ್’ ಪಾಸು 1972ರಲ್ಲೇ ಬಂದಿತ್ತು. ಇಂದು ಅದು ಎಲ್ಲ ವಯಸ್ಸಿನವರಿಗೂ ಉಂಟು. 1985ರಲ್ಲಿ ಷೆಂಗೆನ್ ಎಂಬ ಪುಟ್ಟ ಹಳ್ಳಿಯ ಬಳಿ ಸಹಿಯಾಗಿ 1995ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಗಡಿಗಳ ದೈನಂದಿನ ತಪಾಸಣೆ ಬಹುಮಟ್ಟಿಗೆ ತಪ್ಪಿತು. ಆ ಕೂಟದ ಒಂದು ದೇಶದಲ್ಲಿ ವಾಸದ ಪರವಾನಗಿ ಪಡೆದ ಭಾರತೀಯ ವಿದ್ಯಾರ್ಥಿಯೂ ಉಳಿದ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಸಂಚರಿಸಬಹುದು. 2004ರಲ್ಲಿ ಶುರುವಾದ ‘ಎರಾಸ್ಮಸ್ ಮುಂಡಸ್’ ಸ್ನಾತಕೋತ್ತರ ತರಗತಿಗಳಂತೂ ಹೊರಖಂಡದವರಿಗೂ ತೆರೆದಿವೆ. ಅವುಗಳಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದುವುದು ಕಡ್ಡಾಯ.

ಇಷ್ಟು ಕೇಳಿದರೆ ಯಾವ ಮಗುವಿಗೂ ಸೂಟ್‌ಕೇಸ್ ಕಟ್ಟುವ ಮನಸ್ಸಾದೀತು. ಆದರೆ ಈ ಓದಿಗೆ ಇನ್ನೊಂದು ಮುಖವೂ ಇದೆ, ಅದನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಮಾತು ನಿಜ. ಹಾಗೆಂದು ಓದು ಬಿಟ್ಟಿಯಲ್ಲ. ವೀಸಾ ಬೇಡುವಾಗ ಒಂದು ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ವಿಶೇಷ ಖಾತೆಯಲ್ಲಿಟ್ಟ ಆ ಹಣದಿಂದ ತಿಂಗಳಿಗೆ ಕೈಗೆ ಸಿಗುವುದು 992 ಯೂರೋ ಮಾತ್ರ. ಮನೆ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಎಷ್ಟೋ ಮನೆಗಳಲ್ಲಿ ಈ ಹಣದ ಹಿಂದೆ ಬ್ಯಾಂಕಿನ ಸಾಲವಿರುತ್ತದೆ, ಅಡವಿಟ್ಟ ಜಮೀನಿರುತ್ತದೆ.

ಇನ್ನು ಅಂಕಗಳ ಕಥೆ. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು, 5.0 ಎಂದರೆ ಫೇಲು. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶಗಳಿರುತ್ತವೆ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಸೋತರೆ ಆ ಕೋರ್ಸಿನಿಂದಲೇ ಹೊರಬೀಳಬೇಕಾಗುತ್ತದೆ. ಶಾಲೆಯಲ್ಲಿ ಸದಾ ಮೊದಲ ಬೆಂಚಿನಲ್ಲಿದ್ದ ಹುಡುಗನಿಗೆ ಜೀವನದ ಮೊದಲ ಸೋಲು ಪರಊರಿನಲ್ಲಿ, ಪರಭಾಷೆಯಲ್ಲಿ ಎದುರಾಗಬಹುದು.

ಅದೂ ಚಳಿಗಾಲದಲ್ಲಿ ಎದುರಾದರೆ ಇನ್ನೂ ಕಷ್ಟ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲೂ ಇಲ್ಲಿ ಹನ್ನೊಂದು ಗಂಟೆಗೂ ಮಿಕ್ಕಿ ಹಗಲಿರುತ್ತದೆ. ಬರ್ಲಿನ್ ಇರುವುದು 52 ಡಿಗ್ರಿಯಲ್ಲಿ. ಭೂಮಿಯ ಅಕ್ಷ ಓರೆಯಾಗಿರುವುದರಿಂದ ಅಲ್ಲಿ ಆಗ ಹಗಲು ಎಂಟು ಗಂಟೆಯೂ ಇಲ್ಲ. ಸಂಜೆ ನಾಲ್ಕಕ್ಕೇ ಕತ್ತಲು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಅಂಥ ಸಂಜೆ ಊರಿನಿಂದ ಫೋನು ಬಂದಾಗ ಹುಡುಗ ಹೇಳುವುದು ಒಂದೇ ಮಾತು: ‘ಚೆನ್ನಾಗಿದ್ದೀನಮ್ಮ.’ ಐಫೆಲ್ ಗೋಪುರದ ಮುಂದೆ ನಿಂತ ಫೋಟೋ ಮನೆಗೆ ತಲುಪುತ್ತದೆ, ಫೇಲಾದ ಸುದ್ದಿ ತಲುಪುವುದಿಲ್ಲ. ಸಾಲ ಮಾಡಿ ಕಳುಹಿಸಿದ ಅಪ್ಪನಿಗೆ ಹೇಗೆ ಹೇಳಲಿ ಎಂಬ ಅಂಜಿಕೆಯೇ ಅದಕ್ಕೆ ಕಾರಣ.

ಈ ಅಂಜಿಕೆ ಇರುವವರು ಮೇರಿ ಕ್ಯೂರಿಯನ್ನು ನೆನೆಯಬಹುದು. ಆಕೆ ಪೋಲೆಂಡಿನ ವಾರ್ಸಾದಿಂದ ಪ್ಯಾರಿಸ್ಸಿಗೆ ಓದಲು ಬಂದದ್ದು 1891ರಲ್ಲಿ. ಬಂದ ಮೇಲೆ ತಿಳಿಯಿತು, ತಾನು ಕಲಿತ ಗಣಿತ ಅಲ್ಲಿನ ಪಾಠಕ್ಕೆ ಸಾಲದೆಂದು. ಮಹಡಿಯ ತುದಿಯ ಕೋಣೆಯಲ್ಲಿ ಚಳಿಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದುಕೊಂಡು ಓದಿದರು. 1893ರಲ್ಲಿ ಭೌತಶಾಸ್ತ್ರದ ಪದವಿಯಲ್ಲಿ ಮೊದಲಿಗರಾದರು, ಮರುವರ್ಷ ಗಣಿತದಲ್ಲಿ ಎರಡನೆಯವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ ಕಲಿತದ್ದರಿಂದ ಇದು ಸಾಧ್ಯವಾಯಿತು.

ಪಾಲಕರ ಪಾಲಿನ ಕೆಲಸವೂ ಇದೆ. ‘ಎಷ್ಟು ಬಂತು?’ ಎಂದು ಕೇಳುವ ಮೊದಲು ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳುವುದು. ಉತ್ತರ ದಿನವೂ ‘ಒಬ್ಬನೇ’ ಎಂದಿದ್ದರೆ ಅದನ್ನು ಅಂಕಪಟ್ಟಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಫೇಲಾದರೆ ಹೇಳಿಕೊಳ್ಳಲು ಮನೆಯ ಬಾಗಿಲು ತೆರೆದಿದೆ ಎಂಬ ಭರವಸೆಯನ್ನು ವಿಮಾನ ಹತ್ತಿಸುವ ಮೊದಲೇ ಕೊಟ್ಟಿರಬೇಕು. ವಿದ್ಯಾರ್ಥಿಗಳೂ ಅಷ್ಟೇ. ಹತ್ತು ದಿನದಲ್ಲಿ ಹತ್ತು ರಾಜಧಾನಿ ಸುತ್ತುವುದಕ್ಕಿಂತ, ಇರುವ ಊರಿನ ಭಾಷೆಯಲ್ಲಿ ತರಕಾರಿ ಕೊಳ್ಳಲು ಕಲಿಯುವುದು ದೊಡ್ಡ ಪ್ರವಾಸ.

ಈ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರೂ ಉಂಟು. ಎರಾಸ್ಮಸ್ ಮಣ್ಣಾದ ಅದೇ ಬಾಸೆಲ್‌ನಲ್ಲಿ ತರಬೇತಿ ಪಡೆದ ಜರ್ಮನಿಯ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಕರ್ನಾಟಕಕ್ಕೆ ಬಂದರು. ಬಂದ ದಿನ ಅವರಿಗೂ ಈ ನೆಲ ಪರದೇಶವೇ. ನಾಲ್ಕು ದಶಕಗಳ ನಂತರ, 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ದೇಶ ಸುತ್ತಿದವರು ಕೋಶವನ್ನೇ ಬರೆದುಕೊಟ್ಟರು.